ನಿಂತು ತಿಂದರೆ ಅಗ್ಗ, ಮಲಗುವುದೇ ದುಬಾರಿ

ರಜೆ ಬಂತೆಂದರೆ ಮಕ್ಕಳದು ಒಂದೇ ಹಟ, ಬೆಂಗಳೂರು ನೋಡಬೇಕು. ಲಾಲ್‌ಬಾಗು, ವಿಶ್ವೇಶ್ವರಯ್ಯ ಮ್ಯೂಸಿಯಂ, ಮೆಟ್ರೊ ರೈಲು, ಹೀಗೆ ಅವರ ಪಟ್ಟಿ ಬೆಳೆಯುತ್ತದೆ. ಅಪ್ಪನ ಪಟ್ಟಿಯೇ ಬೇರೆ: ನಾಲ್ಕು ಜನ, ಎರಡು ದಿನ, ಆರು ಹೊತ್ತಿನ ಊಟ ತಿಂಡಿ. ಹೋಟೆಲಿನಲ್ಲಿ ಕುಳಿತಾಗ ಮಕ್ಕಳು ಮೆನು ಕಾರ್ಡಿನ ಎಡಬದಿ ಓದುತ್ತಾರೆ, ಅಪ್ಪ ಬಲಬದಿ ಓದುತ್ತಾನೆ. ‘ನನಗೆ ಹಸಿವಿಲ್ಲ, ಕಾಫಿ ಸಾಕು’ ಎಂದು ಅಮ್ಮ ಹೇಳಿದರೆ ಅದು ನಿಜವೋ ಸುಳ್ಳೋ ಎಂಬುದು ಹತ್ತನೇ ತರಗತಿಯ ಮಗನಿಗೂ ಗೊತ್ತಾಗುತ್ತದೆ. ಆಮೇಲೆ ಅವನ ಗಂಟಲಲ್ಲೂ ದೋಸೆ ಇಳಿಯುವುದಿಲ್ಲ.

ಅಮ್ಮಂದಿರು ಈ ಮಾತನ್ನು ಹೇಳಬೇಕಾಗದ ಜಾಗ ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಬೇಕಾದಷ್ಟಿದೆ. ಅದೇ ದರ್ಶಿನಿ. 1983ರಲ್ಲಿ ಆರ್. ಪ್ರಭಾಕರ್ ಅವರ ಯೋಜನೆಯಂತೆ ಜಯನಗರದಲ್ಲಿ ‘ಕೆಫೆ ದರ್ಶಿನಿ’ ಆರಂಭವಾಯಿತು. ಮೊದಲು ಚೀಟಿ ಕೊಳ್ಳುವುದು, ಕೌಂಟರಿನಲ್ಲಿ ತಟ್ಟೆ ಪಡೆಯುವುದು, ಎತ್ತರದ ಮೇಜಿನ ಬಳಿ ನಿಂತೇ ತಿನ್ನುವುದು. ಕುರ್ಚಿ ಇಲ್ಲ, ಮಾಣಿ ಇಲ್ಲ, ಟಿಪ್ಸಿನ ಮುಜುಗರವೂ ಇಲ್ಲ. ಕೆಲವೇ ವರ್ಷಗಳಲ್ಲಿ ಊರ ತುಂಬ ಇದೇ ಬಗೆಯ ಹೋಟೆಲುಗಳು ಎದ್ದವು.

ಇದು ಅಗ್ಗವಾಗುವುದು ಹೇಗೆ? ಅಂದಾಜಿಗೆ ಒಂದು ಲೆಕ್ಕ ಮಾಡಬಹುದು. ಕುಳಿತು ತಿನ್ನುವ ಹೋಟೆಲಿನಲ್ಲಿ ನಾಲ್ವರ ಮೇಜಿಗೆ, ಓಡಾಡುವ ದಾರಿಯೂ ಸೇರಿ, 40 ಚದರ ಅಡಿ ಬೇಕು ಎನ್ನಿ. ಅವರು ಅಲ್ಲಿ 45 ನಿಮಿಷ ಕೂರುತ್ತಾರೆ. ಅದೇ ಜಾಗದಲ್ಲಿ 8 ಜನ ನಿಂತು 15 ನಿಮಿಷಕ್ಕೆ ತಿಂದು ಹೋದರೆ 45 ನಿಮಿಷದಲ್ಲಿ 24 ಜನರಾದರು. ಅಂದರೆ ಒಂದು ತಟ್ಟೆ ಇಡ್ಲಿಯ ಮೇಲೆ ಬೀಳುವ ಕಟ್ಟಡದ ಬಾಡಿಗೆ ಆರರಲ್ಲೊಂದು ಪಾಲಿಗೆ ಇಳಿಯಿತು. ಮಾಣಿಯ ಸಂಬಳ ಉಳಿದದ್ದು ಬೇರೆ. ಬೆಲೆಯನ್ನು ಬರಿಯ ಅಪ್ಪಣೆಯಿಂದ ಇಳಿಸಲಾಗುವುದಿಲ್ಲ ಎಂಬುದನ್ನು ಇದೇ ಊರು ಕಂಡಿದೆ. 1924ರಲ್ಲಿ ಹುಟ್ಟಿದ ಎಂಟಿಆರ್, ತುರ್ತು ಪರಿಸ್ಥಿತಿಯ ಕಾಲದ ದರ ನಿಯಂತ್ರಣದಿಂದ ನಷ್ಟ ಅನುಭವಿಸಿ ಹೋಟೆಲನ್ನು ಕೆಲಕಾಲ ಮುಚ್ಚಿತ್ತು. ಅದರ ಸಿದ್ಧ ಪುಡಿಗಳ ವ್ಯಾಪಾರ ಬೆಳೆದದ್ದು ಆ ಕಷ್ಟದಿಂದಲೇ. ಇನ್ನು ಇಂದಿರಾ ಕ್ಯಾಂಟೀನಿನ ದಾರಿ ಬೇರೆ. 2017ರ ಆಗಸ್ಟ್ 16ರಂದು ಜಯನಗರದ ಕನಕನಪಾಳ್ಯದಲ್ಲಿ ಉದ್ಘಾಟನೆಯಾದಾಗ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ. ಉಳಿದ ಖರ್ಚು ಸರ್ಕಾರದ್ದು.

ಅಗ್ಗದ ತಿಂಡಿ ಎಂದರೆ ಹೊಟ್ಟೆ ಕೆಡುತ್ತದೆ ಎಂದು ಹೆದರುವವರುಂಟು. ಇಡ್ಲಿಯ ವಿಷಯದಲ್ಲಿ ಆ ಹೆದರಿಕೆ ಬೇಡ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು 100 ಡಿಗ್ರಿಗೆ ಬದಲು 97 ಡಿಗ್ರಿಗೇ ಕುದಿಯುತ್ತದೆ, ಆದರೆ ಹಬೆಯಲ್ಲಿ ಬೇಯುವ ಹಿಟ್ಟಿನ ರೋಗಾಣುಗಳಿಗೆ ಅಷ್ಟು ಸಾಕು. ಅನುಮಾನ ಪಡಬೇಕಾದದ್ದು ಚಟ್ನಿಯನ್ನು ಮತ್ತು ನೀರನ್ನು. ಕಾಯಿ ಚಟ್ನಿ ಬಿಸಿಲಲ್ಲಿ ಕೆಲವೇ ಗಂಟೆಗಳಲ್ಲಿ ಹಳಸುತ್ತದೆ. ಜನ ಮುಗಿಬೀಳುವ ಕಡೆ ಅದಕ್ಕೆ ಹಳಸಲು ಪುರಸೊತ್ತಿಲ್ಲ, ನೊಣ ಮಾತ್ರ ಇರುವ ಕಡೆ ಬೇಕಾದಷ್ಟಿದೆ. ಆದ್ದರಿಂದ ನೂಕುನುಗ್ಗಲನ್ನು ನೋಡಿ ಹಿಂದೆ ಸರಿಯಬಾರದು. ನೀರನ್ನು ಮನೆಯಿಂದ ಬಾಟಲಿಯಲ್ಲಿ ಒಯ್ಯುವುದು ಒಳ್ಳೆಯದು, ಇಲ್ಲವೆ ಬಿಸಿನೀರು ಕೇಳಬೇಕು.

ಬನಶಂಕರಿ ಎರಡನೇ ಹಂತದ ಎಸ್‌ಎಲ್‌ವಿ, ಜಯನಗರ ನಾಲ್ಕನೇ ಬ್ಲಾಕಿನ ಸುತ್ತಲಿನ ಹೋಟೆಲುಗಳು, ಪಕ್ಕದ ಶಂಕರಪುರದಲ್ಲಿ 1965ರಿಂದ ನಡೆದಿರುವ ಬ್ರಾಹ್ಮಿನ್ಸ್ ಕಾಫಿ ಬಾರ್, ಇವೆಲ್ಲ ಮನೆಯವರೆಲ್ಲ ಹೋಗಬಹುದಾದ ಜಾಗಗಳು. ಕೊನೆಯದರಲ್ಲಿ ಸಾಂಬಾರ್ ಕೇಳಬೇಡಿ, ಅಲ್ಲಿ ಚಟ್ನಿಯದೇ ರಾಜ್ಯ. ಕಾಫಿಯನ್ನು ‘ಬೈಟು’ ಎಂದರೆ ಒಂದರ ಬೆಲೆಯಲ್ಲಿ ಎರಡು ಲೋಟ ಬರುತ್ತದೆ, ಇದರಲ್ಲಿ ನಾಚಿಕೆಯೇನೂ ಇಲ್ಲ. ಆದರೆ ಮಂಡಿನೋವಿನ ಅಜ್ಜಿಯನ್ನು ಕರೆತಂದವರಿಗೆ ದರ್ಶಿನಿ ಕಷ್ಟ. ಅಂಥವರು ನಾಲ್ಕು ಕಾಸು ಹೆಚ್ಚಾದರೂ ಕುಳಿತು ತಿನ್ನುವ ಕಡೆ ಹೋಗುವುದೇ ಮೇಲು.

ಮಲಗುವ ವಿಷಯಕ್ಕೆ ಬಂದರೆ ದರ್ಶಿನಿಯ ಲೆಕ್ಕ ಕೈಕೊಡುತ್ತದೆ. ಹಾಸಿಗೆಯನ್ನು ಕಾಲು ಗಂಟೆಗೊಬ್ಬರಿಗೆ ಕೊಡಲಾದೀತೇ? ಅದಲ್ಲದೆ 1948ರಲ್ಲಿ ಶಂಕುಸ್ಥಾಪನೆಯಾದ ಜಯನಗರ, ಆಮೇಲೆ ಬಂದ ಜೆ.ಪಿ. ನಗರ, ಎಲ್ಲವೂ ಮನೆ ಕಟ್ಟಿಕೊಳ್ಳಲೆಂದು ಆದ ಬಡಾವಣೆಗಳು. ಅಗ್ಗದ ವಸತಿಗೃಹಗಳು ಬೆಳೆದದ್ದು ಮೆಜೆಸ್ಟಿಕ್ ಸುತ್ತ. ಗುಬ್ಬಿ ತೋಟದಪ್ಪನವರ ಧರ್ಮಛತ್ರವೂ ಅಲ್ಲೇ, ರೈಲು ನಿಲ್ದಾಣದ ಬಳಿ ಇದೆ. ಬಿಟಿಎಂ ಬಡಾವಣೆಯಲ್ಲಿ (ಬೈರಸಂದ್ರ, ತಾವರೆಕೆರೆ, ಮಡಿವಾಳ ಸೇರಿ ಆದ ಹೆಸರು) ಪೀಜಿಗಳು ಸಾಲುಸಾಲಾಗಿವೆ. ಕೆಲವು ದಿನದ ಲೆಕ್ಕದಲ್ಲೂ ಹಾಸಿಗೆ ಕೊಡುತ್ತವೆ. ಆದರೆ ಗಂಡಸರಿಗೊಂದು ಹೆಂಗಸರಿಗೊಂದು ಇರುವುದರಿಂದ ಅವು ಒಂಟಿ ವಿದ್ಯಾರ್ಥಿಗೆ ಸರಿ, ಕುಟುಂಬಕ್ಕಲ್ಲ.

ಹಾಗಾಗಿ ಮೆಜೆಸ್ಟಿಕ್‌ನಲ್ಲಿ ತಂಗಿ ದಕ್ಷಿಣದಲ್ಲಿ ತಿನ್ನುವುದೇ ಲೇಸು. 2017ರಿಂದ ಹಸಿರು ಮಾರ್ಗದ ಮೆಟ್ರೊದಲ್ಲಿ ಮೆಜೆಸ್ಟಿಕ್ ಬಿಟ್ಟರೆ ಆರನೆಯ ನಿಲ್ದಾಣವೇ ಜಯನಗರ. ಅಲ್ಲಿಂದ ಮುಂದಿನ ಆರ್.ವಿ. ರಸ್ತೆಯಲ್ಲಿ ಗಾಡಿ ಬದಲಿಸಿದರೆ 2025ರ ಆಗಸ್ಟಿನಲ್ಲಿ ಶುರುವಾದ ಹಳದಿ ಮಾರ್ಗ ಬಿಟಿಎಂಗೂ ಒಯ್ಯುತ್ತದೆ.

ಕೋಣೆ ಹಿಡಿಯುವಾಗ ಬಾಡಿಗೆಯ ಜೊತೆ ಕೇಳಲೇಬೇಕಾದ ಪ್ರಶ್ನೆ ಒಂದುಂಟು: ದಿನ ಮುಗಿಯುವುದು ಯಾವಾಗ? ಕೆಲವು ಕಡೆ 24 ಗಂಟೆಯ ಲೆಕ್ಕ, ಕೆಲವು ಕಡೆ ಮಧ್ಯಾಹ್ನ 12ಕ್ಕೆ ಖಾಲಿ ಮಾಡಬೇಕು. ಶನಿವಾರ ಬೆಳಗಿನ 5ಕ್ಕೆ ಬಸ್ಸಿಳಿದು ಭಾನುವಾರ ರಾತ್ರಿ 10ಕ್ಕೆ ಹೊರಡುವ ಕುಟುಂಬಕ್ಕೆ ಮೊದಲನೆಯ ಲೆಕ್ಕದಲ್ಲಿ ಎರಡು ದಿನದ ಬಾಡಿಗೆಯಾದರೆ ಎರಡನೆಯದರಲ್ಲಿ ಮೂರು ದಿನದ್ದಾಗಬಹುದು. ಜಿಎಸ್‌ಟಿ ಸೇರಿದೆಯೇ ಎಂಬುದನ್ನೂ ಮೊದಲೇ ಕೇಳಿಕೊಳ್ಳಬೇಕು. ದೊಡ್ಡವರೆಲ್ಲರ ಗುರುತಿನ ಚೀಟಿ ಕೈಯಲ್ಲಿರಲಿ.

ಹೀಗೆ ಒಂದು ದಿನದ ಬಾಡಿಗೆ ಉಳಿದರೆ ಗಾಂಧಿಬಜಾರಿನ ವಿದ್ಯಾರ್ಥಿ ಭವನದಲ್ಲಿ ನಾಲ್ವರೂ ಕುಳಿತು ಮಸಾಲೆ ದೋಸೆ ತಿನ್ನಬಹುದು, ಅಮ್ಮನೂ ಸೇರಿ. 1943ರಲ್ಲಿ ಸುತ್ತಲಿನ ಶಾಲೆಗಳ ವಿದ್ಯಾರ್ಥಿಗಳಿಗೆಂದೇ ಶುರುವಾದ ಹೋಟೆಲು ಅದು. ಶುಕ್ರವಾರ ಮಾತ್ರ ಹೋಗಬೇಡಿ, ಅಂದು ಬಾಗಿಲು ಹಾಕಿರುತ್ತದೆ.