ಲಾರಿ ಮುರಿದ ಗೋಡೆ: ಹೊಣೆ ಯಾರದು, ಪರಿಹಾರ ಎಲ್ಲಿ?

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ಹಿರಿಯರು ಹೇಳಿದ ಕಾಲದಲ್ಲಿ ಬೀದಿಯಲ್ಲಿ ಸಾಗುತ್ತಿದ್ದುದು ಎತ್ತಿನ ಗಾಡಿ. ಕಟ್ಟಿ ಮುಗಿಸಿದ ಮನೆಗೆ ಬೀದಿಯ ಕಡೆಯಿಂದಲೇ ಆಪತ್ತು ಬಂದೀತೆಂಬ ಭಯ ಅವರಿಗಿರಲಿಲ್ಲ. ಇಂದಿನ ಸ್ಥಿತಿ ಬೇರೆ. ಮುಂಬಯಿಯ ಉಪನಗರವಿರಲಿ, ಪುಣೆಯ ಬಡಾವಣೆಯಿರಲಿ, ಹೈದರಾಬಾದಿನ ಕಾಲೊನಿಯಿರಲಿ, ಇಕ್ಕಟ್ಟಾದ ಓಣಿಗಳಲ್ಲಿ ಸಿಮೆಂಟು, ಮರಳು, ಕಪಾಟು, ಫ್ರಿಜ್ಜುಗಳನ್ನು ಹೊತ್ತ ವಾಹನಗಳು ಬೆಳಗಿನಿಂದ ರಾತ್ರಿಯವರೆಗೆ ಮನೆಬಾಗಿಲಿಗೆ ಬರುತ್ತವೆ. ಹಿಂದೆ ಸರಿಯುವ ಅವಸರದಲ್ಲಿ ಒಂದು ಲಾರಿ ಗೇಟಿನ ಕಂಬಕ್ಕೆ ತಗಲುತ್ತದೆ; ಕಂಬದೊಂದಿಗೆ ಹತ್ತು ಹನ್ನೆರಡು ಅಡಿ ಪಾಗಾರವೂ ಕುಸಿಯುತ್ತದೆ.

ಮುಂದೆ ನಡೆಯುವುದು ನಾವೆಲ್ಲರೂ ಬಲ್ಲ ದೃಶ್ಯ. ಜನ ಸೇರುತ್ತಾರೆ. ಗೃಹಸ್ಥನ ಧ್ವನಿ ಏರುತ್ತದೆ. ಚಾಲಕ ಮೊದಲು ಗೋಡೆಯೇ ಶಿಥಿಲವಾಗಿತ್ತೆಂದು ವಾದಿಸಿ, ಬಳಿಕ ಕೈಮುಗಿಯುತ್ತಾನೆ. ದೂರವಾಣಿಯಲ್ಲಿ ಲಾರಿಯ ಧಣಿ ‘ಏನೋ ಸ್ವಲ್ಪ ಕೊಟ್ಟು ಮುಗಿಸಿ ಬಾ’ ಎನ್ನುತ್ತಾನೆ. ಯಾರೋ ಹಿರಿಯರು ನಡುವೆ ಬಂದು ಒಂದು ಮೊತ್ತ ನಿಗದಿ ಮಾಡುತ್ತಾರೆ. ಹಣ ಕೈ ಬದಲಾಯಿಸುತ್ತದೆ, ಲಾರಿ ಹೊರಟುಹೋಗುತ್ತದೆ. ಮರುದಿನ ಮೇಸ್ತ್ರಿ ಬಂದು ಲೆಕ್ಕ ಹೇಳಿದಾಗ, ಪಡೆದ ಹಣ ಇಟ್ಟಿಗೆಗೂ ಸಾಲದೆಂದು ತಿಳಿಯುತ್ತದೆ.

ಈ ಗೇಟಿನ ಬಳಿಯ ಪಂಚಾಯಿತಿಯಲ್ಲಿ ಗೃಹಸ್ಥನಿಗೆ ನಷ್ಟವಾಗುವುದು ಮೇಲುನೋಟಕ್ಕೇ ಕಾಣುತ್ತದೆ. ಕಾಣದಿರುವುದು ಇನ್ನೊಂದು: ಆ ಹಣ ಅನೇಕ ವೇಳೆ ಹೋಗುವುದು ಚಾಲಕನ ಸಂಬಳದಿಂದ. ಕಾಯಿದೆಯು ನಷ್ಟದ ಭಾರವನ್ನು ಹೊರಲು ವಾಹನದ ಮಾಲಿಕನನ್ನೂ ವಿಮಾ ಕಂಪೆನಿಯನ್ನೂ ಮುಂದೆ ನಿಲ್ಲಿಸಿರುವಾಗ, ಇಬ್ಬರು ಸಾಮಾನ್ಯರು ಬೀದಿಯಲ್ಲಿ ಪರಸ್ಪರ ಹಿಂಡಿಕೊಳ್ಳುವುದು ವ್ಯರ್ಥ. ಆದುದರಿಂದ ಈ ವಿಷಯದಲ್ಲಿ ಕಾಯಿದೆ ಏನು ಹೇಳುತ್ತದೆಂಬುದನ್ನು ಪ್ರತಿಯೊಬ್ಬ ಗೃಹಸ್ಥನೂ ಅರಿತಿರುವುದು ಲೇಸು.

ಪೆಟ್ಟು ಬೀಳುವ ಬಗೆ

ನಮ್ಮ ದೇಶದ ನಿಯಮದಂತೆ ಸರಕಿನ ವಾಹನದ ಅಗಲ 2.6 ಮೀಟರುಗಳವರೆಗೆ ಇರಬಹುದು. ಹತ್ತು ಅಡಿಯ ಗೇಟೆಂದರೆ ಮೂರು ಮೀಟರಿಗೆ ಸ್ವಲ್ಪ ಹೆಚ್ಚು. ಅಂದರೆ ಪೂರ್ಣ ಅಗಲದ ಲಾರಿ ಒಳಬರುವಾಗ ಎರಡು ಪಕ್ಕಗಳಲ್ಲೂ ಉಳಿಯುವುದು ಒಂದೊಂದು ಗೇಣಿನಷ್ಟು ಜಾಗ. ಇದರ ಜೊತೆಗೆ, ಉದ್ದವಾದ ವಾಹನ ತಿರುಗುವಾಗ ಅದರ ಹಿಂದಿನ ಗಾಲಿಗಳು ಮುಂದಿನ ಗಾಲಿಗಳ ಜಾಡಿನಲ್ಲೇ ಬರುವುದಿಲ್ಲ. ಒಳಮೂಲೆಯತ್ತ ಸರಿದು ಬರುತ್ತವೆ. ಮುಂಭಾಗ ಕ್ಷೇಮವಾಗಿ ದಾಟಿದ ಮೇಲೂ ಹಿಂಭಾಗ ಕಂಬಕ್ಕೆ ತಗಲುವುದು ಈ ಕಾರಣದಿಂದ. ಹಿಂದೆ ನಿಂತು, ಪಕ್ಕದ ಹಲಗೆಯನ್ನು ಬಡಿದು ದಾರಿ ತೋರಿಸಬೇಕಾದ ಕ್ಲೀನರನು ಇಂದು ಅನೇಕ ವಾಹನಗಳಲ್ಲಿ ಇರುವುದೇ ಇಲ್ಲ.

ಎರಡು ಅಚ್ಚಿನ ಲಾರಿಯ ಸರಕುಸಹಿತ ಒಟ್ಟು ತೂಕದ ಮಿತಿಯನ್ನು 2018ರಲ್ಲಿ 16.2 ಟನ್ನುಗಳಿಂದ 18.5 ಟನ್ನುಗಳಿಗೆ ಏರಿಸಲಾಯಿತು. ಇಷ್ಟು ಭಾರ ನಿಧಾನವಾಗಿ ಒತ್ತಿದರೂ ಇಟ್ಟಿಗೆಯ ಗೋಡೆ ಬುಡದಲ್ಲಿ ಬಿರಿಯುತ್ತದೆ. ಅಂಗಳದಲ್ಲಿನ ನೀರಿನ ತೊಟ್ಟಿಯ ಅಥವಾ ಶೌಚಗುಂಡಿಯ ಮುಚ್ಚಳ ಕುಸಿಯುತ್ತದೆ. ಬಿದ್ದ ಗೋಡೆಗಿಂತ ಬೀಳದೆ ವಾಲಿನಿಂತ ಗೋಡೆ ಹೆಚ್ಚು ಅಪಾಯಕಾರಿ. 2019ರ ಜೂನ್ 29ರಂದು ಪುಣೆಯ ಕೊಂಢವಾದಲ್ಲಿ ಮಳೆಯ ನಡುವೆ ವಸತಿ ಸಂಕೀರ್ಣವೊಂದರ ಪಾಗಾರ ಕುಸಿದು, ಪಕ್ಕದ ಗುಡಿಸಲುಗಳಲ್ಲಿದ್ದ 15 ಮಂದಿ ಅಸುನೀಗಿದರು. ಅಲ್ಲಿ ಲಾರಿಯ ಪಾತ್ರವಿರಲಿಲ್ಲ. ಆದರೆ ಪಾಗಾರವೆಂದರೆ ಬರಿಯ ಗಡಿಗೆರೆಯಲ್ಲ, ಅದರ ಬದಿಯಲ್ಲಿ ನಡೆಯುವವರ ಪ್ರಾಣಕ್ಕೂ ಅದು ಸಂಬಂಧಿಸಿದ್ದೆಂಬುದನ್ನು ಆ ದುರಂತ ತೋರಿಸಿತು.

ಹೊಣೆ ಯಾರದು?

ಕೆಲಸದ ಮೇಲಿದ್ದಾಗ ಚಾಲಕನು ತೋರಿದ ಅಜಾಗರೂಕತೆಗೆ ಅವನ ಧಣಿಯೂ ಉತ್ತರವಾದಿ ಎಂಬುದು ನಮ್ಮ ನ್ಯಾಯಾಲಯಗಳು ಬಹುಕಾಲದಿಂದ ಎತ್ತಿಹಿಡಿದ ತತ್ತ್ವ. ‘ಆ ಲಾರಿಯನ್ನು ನಾನು ಮಾರಿಬಿಟ್ಟಿದ್ದೇನೆ’ ಎಂಬ ನೆಪಕ್ಕೂ ಉತ್ತರವಿದೆ. ನೋಂದಣಿ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಕಾಯಿದೆಯ ದೃಷ್ಟಿಯಲ್ಲಿ ಮಾಲಿಕರೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ, ನವೀನ್ ಕುಮಾರ್ ಮೊಕದ್ದಮೆಯಲ್ಲಿ ಹೇಳಿದೆ.

ತಪ್ಪು ಚಾಲಕನದೇ ಎಂದು ಸಿದ್ಧಪಡಿಸುವುದು ಹೇಗೆ ಎಂಬ ಶಂಕೆ ಸಹಜ. ಇಲ್ಲಿ ನಿಶ್ಚಲವಾದ ವಸ್ತುವಿಗೆ ಒಂದು ಅನುಕೂಲವಿದೆ: ಗೋಡೆ ತಾನಾಗಿ ಲಾರಿಗೆ ಅಡ್ಡ ಬರುವುದಿಲ್ಲ. ದಾರಿ ಬಿಟ್ಟು ಮರಕ್ಕೆ ಬಡಿದ ಕಾರೊಂದರ ಮೊಕದ್ದಮೆಯಲ್ಲಿ, 1977ರ ಪುಷ್ಪಾಬಾಯಿ ತೀರ್ಪಿನಲ್ಲಿ, ಸರ್ವೋಚ್ಚ ನ್ಯಾಯಾಲಯವು ಘಟನೆಯೇ ತನ್ನ ಕಥೆಯನ್ನು ಹೇಳುತ್ತದೆ ಎಂಬ ನ್ಯಾಯತತ್ತ್ವವನ್ನು ಅನ್ವಯಿಸಿತು. ಅಂತಹ ಸಂದರ್ಭದಲ್ಲಿ ತಾನು ಜಾಗರೂಕನಾಗಿದ್ದೆನೆಂದು ತೋರಿಸಿಕೊಡುವ ಹೊರೆ ವಾಹನದ ಪಕ್ಷದ ಮೇಲೆ ಬೀಳುತ್ತದೆ.

ಇನ್ನು ವಿಮೆಯ ಮಾತು. ಸಾರ್ವಜನಿಕ ಸ್ಥಳದಲ್ಲಿ ಓಡುವ ವಾಹನಕ್ಕೆ ಮೂರನೆಯವರ ಹಾನಿಯ ವಿಮೆ ಕಡ್ಡಾಯ. ಮೂರನೆಯವರ ಹಾನಿಯೆಂದರೆ ಪ್ರಾಣಹಾನಿ, ಗಾಯಗಳು ಮಾತ್ರವೆಂದು ಅನೇಕರ ತಿಳಿವಳಿಕೆ. ವಾಸ್ತವವಾಗಿ ಆಸ್ತಿಯ ಹಾನಿಯೂ ಅದರಲ್ಲಿ ಸೇರಿದೆ. 1988ರ ಮೋಟಾರು ವಾಹನಗಳ ಕಾಯಿದೆ ಬಂದಾಗ ಆಸ್ತಿಹಾನಿಗೆ ಕಡ್ಡಾಯ ವಿಮೆಯ ಮಿತಿ ಕೇವಲ 6,000 ರೂಪಾಯಿ. ಈಗ ಸರಕಿನ ವಾಹನಗಳ ಪಾಲಿಸಿಗಳಲ್ಲಿ ಸಾಮಾನ್ಯವಾಗಿ 7.5 ಲಕ್ಷ ರೂಪಾಯಿಗಳವರೆಗೆ ರಕ್ಷಣೆ ಇರುತ್ತದೆ. ಆದರೆ ಕಂತಿನಲ್ಲಿ ಅಲ್ಪ ಉಳಿತಾಯಕ್ಕಾಗಿ ಮಿತಿಯನ್ನು ಹಳೆಯ ಮೊತ್ತಕ್ಕೇ ಇಳಿಸಿಕೊಂಡ ಪಾಲಿಸಿಗಳೂ ಉಂಟು. ಆಗ ಮಿಕ್ಕ ಹಣಕ್ಕೆ ಮಾಲಿಕನೇ ಹೊಣೆ. ಪಾಲಿಸಿಯ ಹೊಣೆಮಿತಿಯ ಸಾಲನ್ನು ಓದದೆ ಯಾವ ಮಾತುಕತೆಗೂ ಕೂಡಬಾರದು.

ಮೊದಲ ಒಂದು ಗಂಟೆ

ಎಲ್ಲಕ್ಕಿಂತ ಮೊದಲು ಮನುಷ್ಯರ ಕ್ಷೇಮ. ಯಾರಿಗಾದರೂ ಪೆಟ್ಟಾಗಿದ್ದರೆ 112ಕ್ಕೆ ಕರೆ ಮಾಡಿ ವೈದ್ಯಕೀಯ ನೆರವು ಕೋರಬೇಕು. ವಿದ್ಯುತ್ ಮೀಟರು, ಕೊಳವೆಯ ಅನಿಲದ ಜೋಡಣೆ, ನೀರಿನ ನಳ ಅನೇಕ ಮನೆಗಳಲ್ಲಿ ಗೇಟಿನ ಕಂಬದ ಬಳಿಯೇ ಇರುತ್ತವೆ. ಅನಿಲದ ವಾಸನೆ ಬಂದರೆ ಬೆಂಕಿಕಡ್ಡಿ ಗೀಚದೆ, ವಿದ್ಯುತ್ ಗುಂಡಿ ಒತ್ತದೆ, ದೂರ ಸರಿದು ಸಂಬಂಧಪಟ್ಟವರಿಗೆ ತಿಳಿಸಬೇಕು. ವಾಲಿದ ಗೋಡೆಯ ಬಳಿ ಮಕ್ಕಳನ್ನೂ ಕುತೂಹಲಿಗಳನ್ನೂ ಬಿಡಬಾರದು. ರಕ್ತದೊತ್ತಡ, ಹೃದ್ರೋಗಗಳಿರುವ ಹಿರಿಯರನ್ನು ವಾಗ್ವಾದದಿಂದ ದೂರವಿಡುವುದು ಕಿರಿಯರ ಕರ್ತವ್ಯ.

ಬಳಿಕ ದಾಖಲೆ. ಲಾರಿ ಕದಲುವ ಮುನ್ನವೇ ಅದರ ನೋಂದಣಿ ಸಂಖ್ಯೆ, ಗಾಲಿಗಳ ಗುರುತು, ಕಂಬಕ್ಕೆ ತಾಗಿದ ಭಾಗ, ಬೀದಿಯ ಅಗಲ ಇವೆಲ್ಲ ಕಾಣುವಂತೆ ಛಾಯಾಚಿತ್ರ ತೆಗೆಯಬೇಕು. ಘಟನೆ ಬೀದಿಯಲ್ಲಾಯಿತೋ ಆವರಣದೊಳಗಾಯಿತೋ ಎಂಬುದೂ ಸ್ಪಷ್ಟವಾಗಿರಲಿ. ಖಾಸಗಿ ಜಾಗವೆಂಬ ಕಾರಣ ಮುಂದೊಡ್ಡಿ ವಿಮಾ ಕಂಪೆನಿ ತಕರಾರು ತೆಗೆಯುವುದುಂಟು. ಚಾಲಕನ ಪರವಾನಗಿ, ವಿಮೆಯ ಪತ್ರ, ಮಾಲಿಕನ ವಿಳಾಸಗಳನ್ನು ಬರೆದುಕೊಳ್ಳಬೇಕು. ಸಾಕ್ಷಿಗಳಾದ ನೆರೆಹೊರೆಯವರ ಹೆಸರು ಬೇಕು. ಎದುರು ಮನೆಯ ಕ್ಯಾಮರಾದ ಚಿತ್ರ ಕೆಲವು ದಿನಗಳಲ್ಲಿ ಅಳಿದುಹೋಗಬಹುದಾದ್ದರಿಂದ ಅಂದೇ ಪ್ರತಿ ಪಡೆಯುವುದು ಜಾಣತನ.

ಆಸ್ತಿಗೆ ಮಾತ್ರ ಹಾನಿಯಾದರೂ ಚಾಲಕನು 24 ಗಂಟೆಗಳೊಳಗೆ ಸಮೀಪದ ಪೊಲೀಸ್ ಠಾಣೆಗೆ ತಿಳಿಸಬೇಕೆಂದೂ ವಿಮಾ ಕಂಪೆನಿಗೆ ಲಿಖಿತ ಮಾಹಿತಿ ಕೊಡಬೇಕೆಂದೂ ಕಾಯಿದೆಯ 134ನೆಯ ಕಲಮು ವಿಧಿಸುತ್ತದೆ. ಅವನು ಮಾಡಿಯಾನೆಂದು ಕಾದು ಕೂರದೆ ಗೃಹಸ್ಥನೇ ಠಾಣೆಯಲ್ಲಿ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. ‘ಇದು ಸಿವಿಲ್ ವ್ಯವಹಾರ’ ಎಂಬ ಉತ್ತರ ಬಂದರೂ ಘಟನೆ ದಾಖಲಾಗಲೇಬೇಕು. ಪರಿಹಾರ ಕೇಳುವವರಿಗೆ ವಾಹನದ ವಿವರಗಳನ್ನು ನಿಗದಿತ ಶುಲ್ಕದ ಮೇಲೆ ಒದಗಿಸುವುದು ಠಾಣಾಧಿಕಾರಿಯ ಮತ್ತು ನೋಂದಣಿ ಅಧಿಕಾರಿಯ ಕರ್ತವ್ಯವೆಂದು 160ನೆಯ ಕಲಮು ಹೇಳುತ್ತದೆ. ನಮ್ಮಂತೆ ಅನ್ಯಭಾಷಾ ಪ್ರದೇಶದಲ್ಲಿ ನೆಲೆಸಿದವರು ಇನ್ನೊಂದು ಎಚ್ಚರಿಕೆ ವಹಿಸಬೇಕು: ಪಂಚನಾಮೆಯು ಮರಾಠಿಯಲ್ಲೋ ತೆಲುಗಿನಲ್ಲೋ ಇದ್ದರೆ, ಬಲ್ಲವರಿಂದ ಓದಿಸಿ ಅರ್ಥಮಾಡಿಕೊಂಡ ಬಳಿಕವೇ ಸಹಿ ಹಾಕಬೇಕು.

ಎಲ್ಲಿ ಕೇಳಬೇಕು?

ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗಳಿಗೆ 1956ರ ತಿದ್ದುಪಡಿಯಿಂದ ದಾರಿಯಾಯಿತು; ಆಸ್ತಿಹಾನಿಯ ಬೇಡಿಕೆಗಳು ಅವುಗಳ ವ್ಯಾಪ್ತಿಗೆ ಸೇರಿದ್ದು 1969ರ ತಿದ್ದುಪಡಿಯಿಂದ. ಮುರಿದ ಗೋಡೆಯ ಒಡೆಯನೂ ಈ ಮಂಡಳಿಯ ಮುಂದೆ ಅರ್ಜಿ ಸಲ್ಲಿಸಬಹುದು. ಚಾಲಕ, ಮಾಲಿಕ, ವಿಮಾ ಕಂಪೆನಿ ಮೂವರನ್ನೂ ಎದುರುಪಕ್ಷದವರನ್ನಾಗಿ ಸೇರಿಸಬೇಕು. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯು ಅಪಘಾತದ ದಿನದಿಂದ ಆರು ತಿಂಗಳ ಗಡುವನ್ನು ಗೊತ್ತುಮಾಡಿದೆ. ಆ ಗಡುವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದವರಿದ್ದಾರೆ. ಆದರೂ ವಿವೇಕಿಯಾದವನು ಅದರೊಳಗೇ ಅರ್ಜಿ ಸಲ್ಲಿಸುತ್ತಾನೆ.

ಹೊರನಾಡ ಕನ್ನಡಿಗರಿಗೆ ವಿಶೇಷ ಪ್ರಯೋಜನದ ವಿಧಿಯೊಂದು ಇಲ್ಲಿದೆ. ನಮ್ಮಲ್ಲಿ ಎಷ್ಟೋ ಜನ ಉದ್ಯೋಗಕ್ಕೆಂದು ಇಲ್ಲಿ ನೆಲೆಸಿ, ಧಾರವಾಡದಲ್ಲೋ ಉಡುಪಿಯಲ್ಲೋ ಒಂದು ಮನೆಯನ್ನು ಉಳಿಸಿಕೊಂಡಿದ್ದೇವೆ. ಬೀಗ ಹಾಕಿದ ಆ ಮನೆಯ ಪಾಗಾರಕ್ಕೆ ಲಾರಿ ಬಡಿದರೆ, ಪ್ರತಿ ವಾಯಿದೆಗೂ ಅಲ್ಲಿಗೆ ಓಡಬೇಕೇ? ಬೇಕಿಲ್ಲ. 166ನೆಯ ಕಲಮಿನಂತೆ, ಅಪಘಾತ ನಡೆದ ಸ್ಥಳದ ಮಂಡಳಿಯಲ್ಲಿ ಮಾತ್ರವಲ್ಲದೆ, ಅರ್ಜಿದಾರನು ವಾಸಿಸುವ ಅಥವಾ ವ್ಯಾಪಾರ ನಡೆಸುವ ಸ್ಥಳದ ಮಂಡಳಿಯಲ್ಲೂ ಅರ್ಜಿ ಸಲ್ಲಿಸಲು ಅವಕಾಶವಿದೆ. ಸಹಕಾರಿ ವಸತಿ ಸಂಘಗಳಲ್ಲಿರುವವರಾದರೋ, ಪಾಗಾರವು ಸಂಘದ ಸ್ವತ್ತಾಗಿದ್ದಲ್ಲಿ ಆಡಳಿತ ಸಮಿತಿಯ ನಿರ್ಣಯದ ಮೂಲಕ ಸಂಘದ ಹೆಸರಿನಲ್ಲೇ ಮುಂದುವರಿಯಬೇಕು.

ಲಾರಿ ತಂದದ್ದು ನಾವೇ ಕೊಂಡ ಸಾಮಾನಾಗಿದ್ದರೆ ಇನ್ನೊಂದು ಎಚ್ಚರಿಕೆ. ಸಾಮಾನು ತಲುಪಿತೆಂಬ ಚೀಟಿಗೆ ಸಹಿ ಹಾಕುವ ಮುನ್ನ ಅದರಲ್ಲೇ ಗೋಡೆಗಾದ ಹಾನಿಯನ್ನು ಬರೆಯಬೇಕು. ಮಾರಾಟಗಾರನ ಸೇವಾಲೋಪದ ಬಗ್ಗೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ದೂರು ಕೊಡುವ ಮಾರ್ಗವನ್ನು ಆಗ ಪರಿಶೀಲಿಸಬಹುದು. 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದಕ್ಕೆ ಮಾರ್ಗದರ್ಶನ ನೀಡುತ್ತದೆ.

ಎಷ್ಟು ಕೇಳಬೇಕು?

ಪರಿಹಾರದ ಉದ್ದೇಶ ಗೋಡೆಯನ್ನು ಹಿಂದಿನ ಸ್ಥಿತಿಗೆ ತರುವುದೇ ಹೊರತು, ಇಟ್ಟಿಗೆಯ ಗೋಡೆ ಬಿದ್ದಲ್ಲಿ ಗ್ರಾನೈಟಿನ ಗೋಡೆ ಎಬ್ಬಿಸುವುದಲ್ಲ. ಹಳೆಯ ಕಟ್ಟಡಕ್ಕೆ ಸವಕಳಿಯ ಕಡಿತವನ್ನು ನಿರೀಕ್ಷಿಸಬೇಕು. ಅರ್ಹ ಎಂಜಿನಿಯರರ ಲಿಖಿತ ಅಂದಾಜು, ದುರಸ್ತಿಯ ರಸೀದಿಗಳು, ಘಟನೆಗೆ ಹಿಂದಿನ ಮನೆಯ ಚಿತ್ರಗಳು ಬೇಡಿಕೆಗೆ ಆಧಾರ. ಗೃಹಪ್ರವೇಶದ ದಿನ ಗೇಟಿನ ಮುಂದೆ ತೆಗೆಸಿದ ಕುಟುಂಬದ ಚಿತ್ರವೂ ಇಲ್ಲಿ ಸಾಕ್ಷಿಯಾಗಬಲ್ಲದು! ವಿಮಾ ಕಂಪೆನಿಯ ಸರ್ವೇಯರರು ನೋಡುವವರೆಗೆ ಅವಶೇಷಗಳನ್ನು ಸಾಗಿಸದಿರುವುದು ಒಳಿತು. ಆದರೆ ಅಪಾಯವಿದ್ದಲ್ಲಿ ಚಿತ್ರ ತೆಗೆದು ತಕ್ಷಣ ಕೆಡವಲೇಬೇಕು.

ಸ್ವಂತ ಮನೆಗೆ ವಿಮೆ ಮಾಡಿಸಿದವರ ದಾರಿ ಇನ್ನೂ ಸುಗಮ. 2021ರ ಏಪ್ರಿಲ್ 1ರಿಂದ ವಿಮಾ ಕಂಪೆನಿಗಳು ನೀಡುತ್ತಿರುವ ‘ಭಾರತ್ ಗೃಹ ರಕ್ಷಾ’ ಪಾಲಿಸಿಯಲ್ಲಿ ವಾಹನ ಬಡಿದು ಆಗುವ ಹಾನಿಯೂ ಸೇರಿದೆ. ಮನೆಯೆಂದರೆ ಪಾಗಾರ, ಗೇಟುಗಳೂ ಸೇರಿದಂತೆ ಎಂದು ಅದರಲ್ಲಿ ಹೇಳಿದೆ. ನಮಗೆ ಹಣ ಕೊಟ್ಟ ಕಂಪೆನಿ ನಮ್ಮ ಸ್ಥಾನದಲ್ಲಿ ನಿಂತು ಲಾರಿಯ ಪಕ್ಷದಿಂದ ಅದನ್ನು ವಸೂಲು ಮಾಡಿಕೊಳ್ಳುತ್ತದೆ.

ರಾಜಿಯ ರೀತಿ

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಪ್ರತಿಯೊಂದು ಬಿರುಕಿಗೂ ಕಚೇರಿ ಮೆಟ್ಟಿಲೇರಬೇಕೆಂದು ಅರ್ಥವಲ್ಲ. ಒಂದೆರಡು ದಿನದ ಗಾರೆ ಕೆಲಸದಲ್ಲಿ ಮುಗಿಯುವ ಹಾನಿಗೆ ರಾಜಿಯೇ ಮೇಲು. ಆದರೆ ಅದು ಮೇಸ್ತ್ರಿಯ ಅಂದಾಜು ಬಂದ ಮೇಲೆ, ಮಾಲಿಕನೊಡನೆ, ಬರವಣಿಗೆಯಲ್ಲಿ ಆಗಬೇಕು. ‘ಇನ್ನು ಯಾವ ಬೇಡಿಕೆಯೂ ಇಲ್ಲ’ ಎಂಬ ಕಾಗದಕ್ಕೆ ಅವಸರದಲ್ಲಿ ಸಹಿ ಹಾಕಿದರೆ ಮುಂದಿನ ಬಾಗಿಲುಗಳು ಮುಚ್ಚುವ ಸಂಭವವಿದೆ. ತಕ್ಷಣದ ಖರ್ಚಿಗೆ ಅಲ್ಪ ಹಣ ಪಡೆದರೆ ಅದು ಭಾಗಶಃ ಪಾವತಿಯೆಂದು ರಸೀದಿಯಲ್ಲಿ ಬರೆಯಬೇಕು. ಲೋಕ ಅದಾಲತ್ತಿನಲ್ಲಿ ಆದ ರಾಜಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿದೆ. ಅದರ ಮೇಲೆ ಮೇಲ್ಮನವಿಯಿಲ್ಲವಾದ್ದರಿಂದ ವ್ಯಾಜ್ಯ ಅಲ್ಲಿಗೇ ಮುಗಿಯುತ್ತದೆ.

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಗೆ ನಮ್ಮ ಕಾಲಕ್ಕೆ ತಕ್ಕಂತೆ ಕಾಗದವನ್ನೂ ಸೇರಿಸಬೇಕಾಗಿದೆ. ಮಾತು ಬಲ್ಲವನು ಚಾಲಕನನ್ನು ಗದರಿಸುವುದಿಲ್ಲ. ಕಾಗದ ಬಲ್ಲವನು ಧಣಿಯನ್ನು ಬಿಟ್ಟುಕೊಡುವುದಿಲ್ಲ. ಬೀದಿಯ ಕೂಗಾಟದಲ್ಲಿ ಗೆಲ್ಲುವವನು ದೊಡ್ಡ ಧ್ವನಿಯವನು, ಸೋಲುವವನು ದುರ್ಬಲ. ಆ ಸ್ಥಿತಿಯನ್ನು ತಪ್ಪಿಸಲೆಂದೇ ವಿಮೆಯನ್ನು ಕಡ್ಡಾಯ ಮಾಡಿ, ನ್ಯಾಯಮಂಡಳಿಯನ್ನು ಸ್ಥಾಪಿಸಲಾಗಿದೆ. ನಮ್ಮ ಹಕ್ಕನ್ನು ಸಲ್ಲಬೇಕಾದವರಿಂದಲೇ ಕೇಳಿ ಪಡೆದಾಗ ಮನೆಯ ಪಾಗಾರ ಮತ್ತೆ ನೆಟ್ಟಗೆ ನಿಲ್ಲುತ್ತದೆ; ಒಬ್ಬ ಬಡ ಚಾಲಕನ ತಿಂಗಳ ಅನ್ನಕ್ಕೂ ಸಂಚಕಾರ ಬರುವುದಿಲ್ಲ.