ದುಡಿಮೆ ನಿಲ್ಲುವ ಮುನ್ನ ಆರೋಗ್ಯ ವಿಮೆ

ನೌಕರನಿಗೆ ನಿವೃತ್ತಿಯ ದಿನಾಂಕ ಮೊದಲೇ ಗೊತ್ತಿರುತ್ತದೆ. ರೈತನಿಗೆ ಅಂಥ ದಿನವಿಲ್ಲ. ಮೊಣಕಾಲು ಸೋತ ದಿನವೇ ಅವನ ನಿವೃತ್ತಿ. ಆಸ್ಪತ್ರೆಯ ಖರ್ಚು ಹೆಚ್ಚಾಗಿ ಬರುವುದು ಆಮೇಲೆಯೇ. ಕೈಯಲ್ಲಿ ಹಣವಿಲ್ಲದಿದ್ದರೆ ಹೊಲವನ್ನು ಅಡವಿಡಬೇಕಾಗುತ್ತದೆ. ಆದ್ದರಿಂದ ಚಿಪ್ಪಗಿರಿ, ಆಲೂರು, ಆದೋನಿ ಕಡೆಯ ನಮ್ಮ ಜನರು 55 ದಾಟುವ ಹೊತ್ತಿಗೇ ಈ ವಿಷಯ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಮೊದಲು, ಈಗಾಗಲೇ ನಿಮಗಿರುವ ಸೌಲಭ್ಯ ಯಾವುದೆಂದು ತಿಳಿಯಿರಿ.

1. ರೇಷನ್ ಕಾರ್ಡುಳ್ಳ ಬಡ ಕುಟುಂಬಗಳಿಗಾಗಿ ಆಂಧ್ರದಲ್ಲಿ 2007ರಲ್ಲಿ ಆರೋಗ್ಯಶ್ರೀ ಆರಂಭವಾಯಿತು. ಇಂದು ಅದರ ಹೆಸರು ಡಾ. ಎನ್.ಟಿ.ಆರ್. ವೈದ್ಯಸೇವೆ. ಯೋಜನೆಯ ಪಟ್ಟಿಯಲ್ಲಿರುವ ಆಸ್ಪತ್ರೆಗಳಲ್ಲಿ, ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಮಾತ್ರ ಅದು ಅನ್ವಯಿಸುತ್ತದೆ. ನಮ್ಮವರು ಅನೇಕರು ಬಳ್ಳಾರಿಗೆ ಹೋಗುತ್ತಾರೆ. ಅಲ್ಲಿಯ ಆಸ್ಪತ್ರೆಯಲ್ಲಿ ಈ ಕಾರ್ಡು ನಡೆಯುತ್ತದೆಯೇ ಎಂದು ಹೊರಡುವ ಮೊದಲೇ ಕೇಳಿಕೊಳ್ಳಿ.

2. ಗುಂತಕಲ್ಲಿನ ರೈಲ್ವೆ ನೌಕರರಿಗೆ, ನಿವೃತ್ತರಾಗುವಾಗ ಒಮ್ಮೆ ಹಣ ಕಟ್ಟಿ ಸೇರುವ ರೈಲ್ವೆಯದೇ ವೈದ್ಯಕೀಯ ಯೋಜನೆಯಿದೆ. ನಿವೃತ್ತಿ ಕಾಗದಗಳ ಜೊತೆಗೇ ಆ ಅರ್ಜಿಯನ್ನೂ ಮುಗಿಸಿರಿ.

3. ಮಿಲ್ಲು, ಕಾರ್ಖಾನೆಗಳಲ್ಲಿ ಇ.ಎಸ್.ಐ. ಇದ್ದು, ಕನಿಷ್ಠ 5 ವರ್ಷ ಅದರಡಿ ದುಡಿದು ನಿವೃತ್ತಿ ವಯಸ್ಸಿಗೆ ಕೆಲಸ ಬಿಟ್ಟವರು ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ಗಂಡ ಹೆಂಡತಿ ಇಬ್ಬರಿಗೂ ಚಿಕಿತ್ಸೆ ಮುಂದುವರಿಯುತ್ತದೆ. ಇದನ್ನು ತಿಳಿಯದೆ ಬಿಟ್ಟುಬಿಡುವವರಿದ್ದಾರೆ.

4. 70 ವರ್ಷ ತುಂಬಿದವರಿಗೆ, ಆದಾಯ ಎಷ್ಟೇ ಇರಲಿ, ಆಯುಷ್ಮಾನ್ ಭಾರತ ಯೋಜನೆಯಡಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆಯಿದೆ. ಇದು ಜಾರಿಗೆ ಬಂದದ್ದು 2024ರ ಅಕ್ಟೋಬರ್ 29ರಂದು. ವಯಸ್ಸನ್ನು ಆಧಾರ್ ಕಾರ್ಡಿನಿಂದಲೇ ನೋಡುತ್ತಾರೆ. ಅದರಲ್ಲಿ ಹುಟ್ಟಿದ ವರ್ಷ ತಪ್ಪಿದ್ದರೆ ಈಗಲೇ ತಿದ್ದಿಸಿ. ವಿಚಾರಣೆಗೆ ಉಚಿತ ದೂರವಾಣಿ 14555.

ಇವುಗಳಲ್ಲಿ ಮೊದಲ ಮೂರೂ ಸಿಗದವರಿಗೆ ಕಷ್ಟವಿರುವುದು 70ರವರೆಗಿನ ವರ್ಷಗಳಲ್ಲಿ. ಅವರು ಸ್ವಂತ ಪಾಲಿಸಿ ಮಾಡಿಸಬೇಕು. 65 ದಾಟಿದವರಿಗೂ ಪಾಲಿಸಿ ಸಿಗುವಂತೆ 2024ರ ಏಪ್ರಿಲ್‌ನಿಂದ ನಿಯಮ ಬದಲಾಗಿದೆ. ವೈಯಕ್ತಿಕ ಆರೋಗ್ಯ ಪಾಲಿಸಿಯ ಕಂತಿನ ಮೇಲಿದ್ದ ಶೇ. 18ರ ಜಿ.ಎಸ್.ಟಿ.ಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದಿದ್ದಾರೆ. ಹಾಗೆಂದು ತಡಮಾಡಬೇಡಿ. ವಯಸ್ಸು ಏರಿದಂತೆ ಕಂತೂ ಏರುತ್ತದೆ. ಅದಕ್ಕಿಂತ ಮುಖ್ಯವಾಗಿ, ಮೊದಲೇ ಇದ್ದ ಸಕ್ಕರೆ ಕಾಯಿಲೆ, ರಕ್ತದೊತ್ತಡದಂಥ ರೋಗಗಳ ಖರ್ಚಿಗೆ ಕಂಪನಿ 3 ವರ್ಷದವರೆಗೆ ಕಾಯಿಸಬಹುದು. 57ಕ್ಕೆ ಮಾಡಿಸಿದವನಿಗೆ 60ಕ್ಕೆ ಪೂರ್ತಿ ರಕ್ಷಣೆ. 62ಕ್ಕೆ ಮಾಡಿಸಿದವನು 65ರವರೆಗೆ ಕಾಯಬೇಕಾದೀತು. ಬಾವಿ ತೋಡುವುದು ಬಾಯಾರಿಕೆಗೆ ಮುಂಚೆ.

ಸಹಿ ಹಾಕುವ ಮುನ್ನ ಇವಿಷ್ಟನ್ನು ಗಮನಿಸಿ:

• ಇರುವ ಕಾಯಿಲೆಯನ್ನು ಮುಚ್ಚಿಡಬೇಡಿ. ಏಜೆಂಟರು "ಬರೆಯುವುದು ಬೇಡ" ಎಂದರೂ ಬರೆಯಿಸಿ. ಮುಚ್ಚಿಟ್ಟದ್ದು ಹೊರಬಿದ್ದರೆ ಹಣ ನಿರಾಕರಿಸಬಹುದು.

• ಖರ್ಚಿನಲ್ಲಿ ನಿಮ್ಮ ಪಾಲು ಎಷ್ಟೆಂದು ಕೇಳಿ. ಪಾಲು ನೂರಕ್ಕೆ 20 ಎಂದಿದ್ದರೆ 2 ಲಕ್ಷದ ಬಿಲ್ಲಿಗೆ 40,000 ರೂಪಾಯಿ ನೀವೇ ಕೊಡಬೇಕು. ಕೋಣೆ ಬಾಡಿಗೆಗೆ ಮಿತಿಯಿದೆಯೇ ಎಂದೂ ಕೇಳಿ.

• ಕಡಲೆಕಾಯಿ, ಹತ್ತಿ ಮಾರಿದ ಹಣ ಕೈಯಲ್ಲಿರುವ ತಿಂಗಳಲ್ಲೇ ಪಾಲಿಸಿ ಆರಂಭಿಸಿ. ಮುಂದಿನ ವರ್ಷದ ಕಂತೂ ಅದೇ ತಿಂಗಳಿಗೆ ಬರುತ್ತದೆ. ಕಂತು ತಪ್ಪಿ ಪಾಲಿಸಿ ರದ್ದಾದರೆ ಕಾದ ವರ್ಷಗಳೂ ವ್ಯರ್ಥ.

• ಪಾಲಿಸಿ ಕೈಗೆ ಬಂದ ಮೇಲೆ ಓದಬಲ್ಲ ಮಕ್ಕಳಿಂದ ಓದಿಸಿ ಕೇಳಿ. ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಹಿಂತಿರುಗಿಸಬಹುದು.

ಅನ್ಯಾಯವಾಗಿ ಹಣ ನಿರಾಕರಿಸಿದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತಾರದಿದ್ದರೆ, ವಿಮಾ ಲೋಕಪಾಲರಿಗೆ ಬರೆಯಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಮನೆಯ ಎಲ್ಲರ ಆಧಾರ್, ರೇಷನ್ ಕಾರ್ಡು, ವಿಮೆಯ ಕಾಗದಗಳನ್ನು ಒಂದೇ ಚೀಲದಲ್ಲಿಟ್ಟು, ಅದು ಎಲ್ಲಿದೆಯೆಂದು ಹೆಂಡತಿ ಮಕ್ಕಳಿಗೂ ತಿಳಿಸಿರಿ. ನಡುರಾತ್ರಿ ಆಸ್ಪತ್ರೆಗೆ ಹೊರಡುವಾಗ ಅದನ್ನು ಹುಡುಕುವಂತಾಗಬಾರದು.