ದಂಡಿಯ ಹಿಂದಿನ ಹೆಬ್ಬೆರಳು

1879ರಲ್ಲಿ ಸ್ಥಾಪಿತವಾದ ಸಂತ ಜೋಸೆಫರ ಸೆಮಿನರಿಯಿರುವ ಮಂಗಳೂರಿನ ಜೆಪ್ಪುವಿನಲ್ಲಿ ಗಿಟಾರ್ ಪರಕೀಯ ವಾದ್ಯವೇನಲ್ಲ. ಇಗರ್ಜಿಯ ಗಾಯನವೃಂದದಲ್ಲಿ, ಕೊಂಕಣಿ ಮದುವೆಮನೆಯಲ್ಲಿ ಅದರ ದನಿಯನ್ನು ಕೇಳುತ್ತ ಬೆಳೆದ ಹುಡುಗನು ಒಂದು ದಿನ ತಾನೂ ಅದನ್ನು ಕೈಗೆತ್ತಿಕೊಳ್ಳುತ್ತಾನೆ. ವಾರ ಕಳೆಯುವಷ್ಟರಲ್ಲಿ ಬೆರಳತುದಿ ಉರಿಯುತ್ತದೆ, ಮಣಿಕಟ್ಟು ನೋಯುತ್ತದೆ. ತಂತಿಯಾದರೋ ನಾದಕ್ಕೆ ಬದಲಾಗಿ ಗೊರಗುಟ್ಟುತ್ತದೆ. ತನ್ನ ಕೈ ಸಂಗೀತಕ್ಕೆ ತಕ್ಕುದಲ್ಲವೆಂದು ಹಲವರು ವಾದ್ಯವನ್ನು ಗೋಡೆಗೆ ತೂಗುಹಾಕುವುದು ಈ ಹಂತದಲ್ಲಿಯೇ. ದೋಷವು ಬಹುಮಟ್ಟಿಗೆ ಕೈಯದಲ್ಲ, ಹೆಬ್ಬೆರಳು ನಿಂತ ಸ್ಥಳದ್ದು.

ವೀಣೆಯ 24 ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸುತ್ತಾರೆ. ಗಿಟಾರಿನ ಮೆಟ್ಟಿಲುಗಳು ಮರದೊಳಕ್ಕೆ ಬಡಿದ ಲೋಹದ ಪಟ್ಟಿಗಳು. ತಂತಿಯ ಮಿಡಿಯುವ ಉದ್ದವು 650 ಮಿಲಿಮೀಟರ್ ಇದ್ದರೆ, ಮೊದಲ ಮೆಟ್ಟಿಲು ತಲೆಯ ಕಡೆಯಿಂದ ಸುಮಾರು 36 ಮಿಲಿಮೀಟರ್ ದೂರದಲ್ಲಿಯೂ, ಹನ್ನೆರಡನೆಯದು ಸರಿಯಾಗಿ ಅರ್ಧದಲ್ಲಿಯೂ ಇರುತ್ತದೆ. ಮೇಲೇರಿದಂತೆ ಮನೆಗಳು ಕಿರಿದಾಗುತ್ತವೆ. ಆದುದರಿಂದ ಆರಂಭದ ಪಾಠಗಳನ್ನು ಕಲಿಯುವ ಜಾಗದಲ್ಲಿಯೇ ಬೆರಳುಗಳು ಅತಿ ಹೆಚ್ಚು ಚಾಚಬೇಕಾಗುತ್ತದೆ: ಮೊದಲ ಮೆಟ್ಟಿಲಿನಿಂದ ನಾಲ್ಕನೆಯದಕ್ಕೆ ಸುಮಾರು 98 ಮಿಲಿಮೀಟರ್! ಬೆರಳನ್ನು ಮೆಟ್ಟಿಲಿನ ಹಿಂಬದಿಗೆ ಒತ್ತಿನಂತೆ ಇಟ್ಟರೆ ನಮ್ಮ ಒತ್ತಡದ ಬಹುಪಾಲು ಆ ಮೆಟ್ಟಿಲಿಗೇ ತಲಪುತ್ತದೆ. ಮನೆಯ ನಡುವೆ ಇಟ್ಟರೆ ಹೆಚ್ಚು ಬಲ ಬೇಕು, ಸಾಲದಾದರೆ ತಂತಿ ಗೊರಗುಟ್ಟುತ್ತದೆ.

ಇನ್ನು ಕೈಯ ವಿಷಯ. ಬೆರಳನ್ನು ಮಡಿಸುವ ಮುಖ್ಯ ಸ್ನಾಯುಗಳು ಬೆರಳಿನಲ್ಲಿಲ್ಲ, ಮುಂಗೈಯಲ್ಲಿವೆ. ಅವುಗಳ ಒಂಬತ್ತು ಸ್ನಾಯುರಜ್ಜುಗಳು ಒಂದು ನರದೊಡನೆ ಮಣಿಕಟ್ಟಿನ ಇಕ್ಕಟ್ಟಾದ ಸುರಂಗದಲ್ಲಿ ಹಾದುಬರುತ್ತವೆ. ಓದುಗರು ಈಗಲೇ ಪರೀಕ್ಷಿಸಿ ನೋಡಬಹುದು: ಮಣಿಕಟ್ಟನ್ನು ನೇರವಾಗಿಟ್ಟು ಮುಷ್ಟಿ ಬಿಗಿಯಿರಿ, ಬಳಿಕ ಅದನ್ನು ಒಳಕ್ಕೆ ಪೂರ್ತಿ ಬಾಗಿಸಿ ಬಿಗಿಯಿರಿ. ಎರಡನೆಯ ಸಲ ಮುಷ್ಟಿಯು ಸಡಿಲವಾಗುತ್ತದೆ. ರಜ್ಜುಗಳಿಗೆ ಎಳೆಯಲು ಉದ್ದವೇ ಉಳಿಯುವುದಿಲ್ಲ.

ಹೆಬ್ಬೆರಳನ್ನು ದಂಡಿಯ ಹಿಂಭಾಗದ ನಡುವೆ, ಹೆಚ್ಚುಕಡಿಮೆ ನಡುಬೆರಳಿಗೆ ಎದುರಾಗಿ ಇಟ್ಟರೆ ಇಕ್ಕುಳದ ಎರಡು ತೋಳುಗಳಂತೆ ಬಲವು ನೇರವಾಗಿ ಎದುರುಬದುರಾಗುತ್ತದೆ, ಅಂಗೈಯು ದಂಡಿಯಿಂದ ದೂರ ಸರಿದು ಬೆರಳು ಕಮಾನಿನಂತೆ ಇಳಿಯುತ್ತದೆ. ಆದರೆ ತೀರ ಕೆಳಗಿಳಿಸಿದರೆ ಮಣಿಕಟ್ಟು ಮತ್ತೆ ಬಾಗುತ್ತದೆ. ಹೆಬ್ಬೆರಳನ್ನು ದಂಡಿಯ ಮೇಲಕ್ಕೆ ಕೊಕ್ಕೆ ಹಾಕಿ ಸೊಗಸಾಗಿ ನುಡಿಸುವವರೂ ಇದ್ದಾರೆ. ಕಿರಿದಾದ ದಂಡಿಗೆ ಅದು ಸಲ್ಲುತ್ತದೆ. ಹೊಸಬರಿಗೆ ಅದನ್ನು ನಾವು ಹೇಳೆವು, ಏಕೆಂದರೆ ಬೆರಳುಗಳು ಚಪ್ಪಟೆಯಾಗಿ ಪಕ್ಕದ ತಂತಿಯನ್ನು ಮುಟ್ಟುತ್ತವೆ.

ಹೆಬ್ಬೆರಳು ಹಿಂಡಬೇಕೆಂದೂ ಇಲ್ಲ. ಬಲದೋಳಿನಿಂದ ವಾದ್ಯದ ಒಡಲನ್ನು ಮೆಲ್ಲಗೆ ಒತ್ತಿಹಿಡಿದು, ಹೆಬ್ಬೆರಳನ್ನೇ ತೆಗೆದು ಒಂದು ಸ್ವರಮೇಳವನ್ನು ಹಿಡಿದು ನೋಡಿ. ಎಡದೋಳಿನ ಭಾರವೇ ಬಹಳ ಕೆಲಸ ಮಾಡುತ್ತದೆ. ದಂಡಿಯನ್ನು ಹೊರುವ ಹೊಣೆಯನ್ನಂತೂ ಎಡಗೈಗೆ ವಹಿಸಬಾರದು. ಅದಕ್ಕೆ ಪಟ್ಟಿಯೋ ಪಾದಪೀಠವೋ ಇದೆ.

ಬೆರಳತುದಿಯ ಉರಿಯು ಕೆಲವು ವಾರಗಳಲ್ಲಿ ಚರ್ಮ ಗಟ್ಟಿಯಾದಂತೆ ಅಡಗುತ್ತದೆ. ಮಣಿಕಟ್ಟಿನ ನೋವು, ಹೆಬ್ಬೆರಳು ತೋರುಬೆರಳುಗಳ ಜೋಮು ಬೇರೆ ಜಾತಿಯವು. ಅವನ್ನು ಹಟದಿಂದ ಗೆಲ್ಲಲಾಗದು. ಜರ್ಮನಿಯ ಶೂಮನ್ 1830ರ ದಶಕದ ಆರಂಭದಲ್ಲಿ ಬಲಗೈಯ ತೊಂದರೆಯಿಂದ ಪಿಯಾನೋ ವಾದಕನಾಗುವ ಆಸೆಯನ್ನೇ ತೊರೆಯಬೇಕಾಯಿತು. ಜೋಮು ಕಂಡ ದಿನ ವಾದ್ಯವನ್ನು ಕೆಳಗಿಡಬೇಕು. ಮರುದಿನವೂ ಉಳಿದರೆ ವೈದ್ಯರಿಗೆ ತೋರಿಸಬೇಕು.